ಭರಣಿಯಲ್ಲಿದ್ದ ಸರ

ಶಂಕರ್ ನಾಗ್ ನಿರ್ದೇಶಿಸಿದ 1986ರ ದೂರದರ್ಶನ ಮಾಲಿಕೆ 'ಮಾಲ್ಗುಡಿ ಡೇಸ್‌'ನಲ್ಲಿ 'ಲೀಲಾಸ್ ಫ್ರೆಂಡ್' ಎಂಬ ಕಂತೊಂದುಂಟು. ಪತ್ತೇದಾರಿ ಕಥೆಗಳ ಚಪಲವುಳ್ಳ ನನಗೆ ಅದರ ಮೇಲೆ ಮೆಚ್ಚುಗೆಯಿದ್ದಷ್ಟೇ ಮುನಿಸೂ ಉಂಟು.

ಮಗುವಿನ ಚಿನ್ನದ ಸರ ಕಾಣೆಯಾಗುತ್ತದೆ. ಆಳು ಸಿದ್ದನ ಮೇಲೆ ಸಂಶಯ; ಅವನು ಹಿಂದೆ ಜೈಲು ಕಂಡವನೆಂದು ತಿಳಿದೊಡನೆ ಸಂಶಯವೇ ತೀರ್ಪಾಗುತ್ತದೆ. ಅವನ ಪರವಾಗಿ ನಿಲ್ಲುವವಳು ಲೀಲಾ ಒಬ್ಬಳೇ. ಎಳೆಯ ಸಾಕ್ಷಿಯ ಮಾತನ್ನು ಕೇಳುವವರಾರು! ಕಡೆಗೆ ಸರ ಸಿಕ್ಕುವುದು ಅಡಿಗೆಮನೆಯ ಹುಣಸೆಹಣ್ಣಿನ ಭರಣಿಯಲ್ಲಿ.

ನನ್ನ ತಕರಾರು ಇಲ್ಲಿಯೇ. ಸುಳಿವು ಹಿಡಿದು ಹೊರಟವರಿಲ್ಲ, ತರ್ಕವಿಲ್ಲ. ತಾಯಿ ಭರಣಿಗೆ ಕೈಹಾಕಿದಳು, ರಹಸ್ಯ ತಾನಾಗಿ ಬಯಲಾಯಿತು. ನೋಡುವವನಿಗೆ ಇದು ಮೋಸವಲ್ಲವೇ? ಆದರೆ ನಮ್ಮ ನಂಜನಗೂಡಿನಿಂದ ತಿರುಮಕೂಡಲು ನರಸೀಪುರದವರೆಗೆ ಇಂಥ ಭರಣಿಯಿಲ್ಲದ ಅಡಿಗೆಮನೆ ಯಾವುದು? ಒಡವೆ ಕಳೆದಾಗ ಮೊದಲು ಕೆಲಸದವರ ಮುಖ ನೋಡದ ಮನೆಗಳಾದರೂ ಎಷ್ಟು?

ಮೈಸೂರಿನಲ್ಲಿ ಬಾಳಿದ ಆರ್. ಕೆ. ನಾರಾಯಣ್ ಈ ಪಡಸಾಲೆಗಳನ್ನು ಚೆನ್ನಾಗಿ ಬಲ್ಲವರು. ಅವರ ಮೂಲಕಥೆಯಲ್ಲಿ ಸರ ಸಿಕ್ಕ ಸಂಗತಿಯನ್ನು ಇನ್ಸ್‌ಪೆಕ್ಟರಿಗೆ ತಿಳಿಸುವುದಾಗಿ ತಂದೆ ಹೇಳುತ್ತಾನೆ. ಸಿದ್ದನಲ್ಲಿ ಕ್ಷಮೆ ಕೇಳುವ ಮಾತಿಲ್ಲ. ಹೇಗಿದ್ದರೂ ಅಂಥವನನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿರಲಿಲ್ಲವೆಂದು ಸಮಾಧಾನಪಟ್ಟುಕೊಳ್ಳುತ್ತಾನೆ.