ಆಕಾಶವನ್ನು ತಿದ್ದಿ, ಅಳಿಸಬೇಡಿ

ಕಳೆದ ಚಳಿಗಾಲದಲ್ಲಿ ಒಂದು ಭಾನುವಾರ ನಮ್ಮ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿ ಮನೆಗೆ ಬಂದರು. ಪಕ್ಕದ ಕಟ್ಟಡ ಕಾಮಗಾರಿಯ ದೂಳಿನ ಬಗ್ಗೆ ಪಾಲಿಕೆಯ ವಾರ್ಡ್ ಕಚೇರಿಗೆ ದೂರು ಕೊಡಬೇಕಿತ್ತು. 'ಎರಡು ವರ್ಷದಿಂದ ಟೆರೇಸಿನಲ್ಲಿ ಫೋಟೊ ತೆಗೀತಿದ್ದೀರಲ್ಲ, ಹತ್ತಿಪ್ಪತ್ತು ಕೊಡಿ' ಎಂದರು. ಮುಲುಂಡ್‌ನ ನಮ್ಮ ಟೆರೇಸಿನಿಂದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಗಳು ಕಾಣುತ್ತವೆ. ಉತ್ಸಾಹದಿಂದ ಲ್ಯಾಪ್‌ಟಾಪ್ ತೆರೆದೆ. ನೂರಾರು ಚಿತ್ರಗಳಿದ್ದವು. ಒಂದರಲ್ಲೂ ದೂಳಿರಲಿಲ್ಲ. ಅದನ್ನೆಲ್ಲ ನಾನೇ ಒರೆಸಿಹಾಕಿದ್ದೆ. ಜಾಗ ಉಳಿಸಲೆಂದು ಮೂಲ ರಾ ಫೈಲ್‌ಗಳನ್ನೂ ಅಳಿಸಿದ್ದೆ.

ಎಂಟೆಕ್‌ನಲ್ಲಿ ಇಮೇಜ್ ಪ್ರೊಸೆಸಿಂಗ್ ಓದಿದವನು ನಾನು. ಫೋಟೊ ಎಡಿಟ್ ಮಾಡುವುದೇ ತಪ್ಪು ಎನ್ನುವ ಮಡಿವಂತಿಕೆ ನನಗಿಲ್ಲ. ವರ್ಲಿ ಸಮುದ್ರ ತೀರದಲ್ಲಿ ಸೂರ್ಯಾಸ್ತ ನೋಡುವಾಗ ನಮ್ಮ ಕಣ್ಣಿಗೆ ಆಕಾಶವೂ ಕಾಣುತ್ತದೆ, ಕಲ್ಲುಬಂಡೆಗಳೂ ಕಾಣುತ್ತವೆ. ಕ್ಯಾಮೆರಾಗೆ ಆ ಶಕ್ತಿಯಿಲ್ಲ. ಬಂಡೆಗೆ ಬೆಳಕು ಹೊಂದಿಸಿದರೆ ಆಕಾಶ ಬೆಳ್ಳಗಾಗುತ್ತದೆ. ಅದಕ್ಕೇ ಹಳಬರು ಅರ್ಧ ಕಪ್ಪು, ಅರ್ಧ ಪಾರದರ್ಶಕವಾದ ಗ್ರ್ಯಾಜುಯೇಟೆಡ್ ಫಿಲ್ಟರನ್ನು ಲೆನ್ಸಿನ ಮುಂದಿಡುತ್ತಿದ್ದರು. ಎರಡು ಸ್ಟಾಪ್ ಫಿಲ್ಟರ್ ಆಕಾಶದ ಬೆಳಕನ್ನು ನಾಲ್ಕನೇ ಒಂದಕ್ಕೆ ಇಳಿಸುತ್ತದೆ. ಇದೇ ಕೆಲಸವನ್ನು ಸಾಫ್ಟ್‌ವೇರ್ ಚೆನ್ನಾಗಿಯೇ ಮಾಡುತ್ತದೆ. ಗಾಜಿನ ಫಿಲ್ಟರ್ ಇಟ್ಟರೆ ಮುಂಬೈಯ ಗಗನಚುಂಬಿಗಳ ತಲೆಯೂ ಕಪ್ಪಾಗುತ್ತದೆ. ಸಾಫ್ಟ್‌ವೇರಿನಲ್ಲಿ ಕಟ್ಟಡವನ್ನು ಬಿಟ್ಟು ಆಕಾಶವನ್ನಷ್ಟೇ ಆರಿಸಬಹುದು. ಒಂದೇ ಷರತ್ತು: ಚಿತ್ರ ತೆಗೆಯುವಾಗ ಆಕಾಶ ಪೂರ್ತಿ ಬೆಳ್ಳಗಾಗಿರಬಾರದು. ಸೆನ್ಸರ್ ದಾಖಲಿಸದಿದ್ದ ಮೋಡವನ್ನು ಯಾವ ಸ್ಲೈಡರ್ ಕೂಡ ಮರಳಿ ತರಲಾರದು.

ಪೋಲರೈಸರ್ ಕಥೆ ಬೇರೆ. ಸೂರ್ಯನಿಂದ ಸುಮಾರು 90 ಡಿಗ್ರಿ ದೂರದ ಆಕಾಶವನ್ನು ಅದು ಗಾಢ ನೀಲಿಯಾಗಿಸುತ್ತದೆ. ಆದರೆ ಗಾಳಿ ಶುಭ್ರವಾಗಿದ್ದರೆ ಮಾತ್ರ. ದೂಳು, ಹೊಗೆಯ ಕಣಗಳು ತುಂಬಿದಾಗ ಬೆಳಕು ಎಲ್ಲ ದಿಕ್ಕಿಗೂ ಚದುರಿ ಫಿಲ್ಟರಿನ ಆಟ ಅಷ್ಟಾಗಿ ನಡೆಯುವುದಿಲ್ಲ. ಜನವರಿಯ ಮುಂಬೈಯಲ್ಲಿ ಅದನ್ನು ಎಷ್ಟು ತಿರುಗಿಸಿದರೂ ಆಕಾಶ ಬೂದಿಯೇ! ಗಾಜಿನ ಫಿಲ್ಟರ್ ಗಾಳಿಯ ಮಾತನ್ನು ಕೇಳುತ್ತದೆ. ಅದನ್ನು ಅನುಕರಿಸುವ ಸಾಫ್ಟ್‌ವೇರ್ ನನ್ನ ಮಾತನ್ನಷ್ಟೇ ಕೇಳುತ್ತದೆ. ನಾನು ನೀಲಿ ಎಂದರೆ ನೀಲಿ. ಮಬ್ಬು ತೆಗೆಯುವ 'ಡಿಹೇಜ್' ಇನ್ನೂ ಒಂದು ಹೆಜ್ಜೆ ಮುಂದೆ. 2020ರಲ್ಲಿ ಫೋಟೊಶಾಪ್‌ಗೆ ಆಕಾಶವನ್ನೇ ಬದಲಿಸುವ ಸೌಲಭ್ಯವೂ ಬಂತು.

'ಇದು ಕಲೆ ಮಾರಾಯ, ಆನ್ಸೆಲ್ ಆಡಮ್ಸ್ 1927ರಲ್ಲೇ ಕೆಂಪು ಫಿಲ್ಟರ್ ಹಾಕಿ ಹಾಫ್ ಡೋಮ್ ಬಂಡೆಯ ಹಿಂದಿನ ಆಕಾಶವನ್ನು ಕಪ್ಪು ಮಾಡಿದ್ದ' ಎಂದು ಗೆಳೆಯನೊಬ್ಬ ವಾದಿಸಿದ. ನಿಜ. ಆದರೆ ಆ ಕಪ್ಪು ಬಿಳುಪು ಚಿತ್ರ ನೋಡಿ ಅಲ್ಲಿನ ಆಕಾಶದ ಬಣ್ಣವೇ ಕಪ್ಪು ಎಂದು ಯಾರೂ ನಂಬುವುದಿಲ್ಲ. ನನ್ನ ನೀಲಿಯನ್ನು ಜನ ನಂಬುತ್ತಾರೆ. ಸಾಗರದಲ್ಲಿರುವ ಅಮ್ಮ ಒಮ್ಮೆ ಫೋನಿನಲ್ಲಿ, 'ಟೀವೀಲಿ ಮುಂಬೈ ತುಂಬಾ ಹೊಗೆ ಅಂತಾರೆ, ನೀ ಕಳಿಸಿದ ಫೋಟೊದಲ್ಲಿ ನಮ್ಮೂರಿಗಿಂತ ಚೆಂದ ಆಕಾಶ ಇದ್ಯಲ್ಲೋ' ಎಂದು ನೆಮ್ಮದಿಪಟ್ಟಿದ್ದರು. ಅದೇ ವಾರ ಮಗಳ ಕೆಮ್ಮಿಗೆ ನೆಬ್ಯುಲೈಸರ್ ತಂದಿದ್ದೆವು.

2023ರ ಅಕ್ಟೋಬರ್ ಕೊನೆಯಲ್ಲಿ ಬಾಂಬೆ ಹೈಕೋರ್ಟ್ ನಗರದ ಗಾಳಿಯ ಸ್ಥಿತಿಯನ್ನು ಸ್ವಯಂಪ್ರೇರಿತವಾಗಿ ವಿಚಾರಣೆಗೆ ಎತ್ತಿಕೊಂಡಿತು. ನ್ಯಾಯಾಲಯಕ್ಕೇ ಕಂಡ ಮಬ್ಬನ್ನು ನಾನು ಮನೆಯಲ್ಲಿ ಕೂತು ಅಳಿಸುತ್ತಿದ್ದೆ. ಒಬ್ಬನ ಹವ್ಯಾಸದಿಂದ ಏನಾದೀತು ಎನ್ನಬಹುದು. ಆದರೆ ನಾವೆಲ್ಲರೂ ಇದನ್ನೇ ಮಾಡಿದರೆ, ಇಪ್ಪತ್ತು ವರ್ಷದ ನಂತರ ಈ ನಗರ ಎಂಥ ಗಾಳಿ ಉಸಿರಾಡಿತ್ತು ಎಂದು ತೋರಿಸಲು ಯಾರ ಆಲ್ಬಮ್ಮಿನಲ್ಲೂ ಚಿತ್ರವಿರುವುದಿಲ್ಲ.

ಹಾಗಾಗಿ ಮೂರು ನಿಯಮ ಮಾಡಿಕೊಂಡಿದ್ದೇನೆ. ಬೆಳಕು ಹೊಂದಿಸುವ ಫಿಲ್ಟರ್ ಇರಲಿ, ಗಾಳಿ ತೊಳೆಯುವುದು ಬೇಡ. ಆಕಾಶ ಬದಲಿಸಿದರೆ ಚಿತ್ರದ ಕೆಳಗೆ ಹಾಗೆಂದು ಬರೆಯಬೇಕು. ಮೂಲ ಫೈಲ್ ಅಳಿಸಬಾರದು. ಈಗ ಪ್ರತಿ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಎಂಟಕ್ಕೆ, ಅದೇ ಜಾಗದಿಂದ ಅದೇ ಸೆಟ್ಟಿಂಗಿನಲ್ಲಿ ಒಂದು ಚಿತ್ರ ತೆಗೆಯುತ್ತೇನೆ. ಕೆಲವು ತಿಂಗಳು ಗುಡ್ಡ ಕಾಣುತ್ತದೆ, ಕೆಲವು ತಿಂಗಳು ಇಲ್ಲ. ಮೊನ್ನೆ ಗುಡ್ಡ ಕಾಣದ ಚಿತ್ರವೊಂದನ್ನು ಅಮ್ಮನಿಗೆ ಕಳಿಸಿದೆ. 'ರಜೆಯಲ್ಲಿ ಮಗೂನ ಇಲ್ಲಿಗೆ ಕಳಿಸು' ಎಂದು ಉತ್ತರ ಬಂತು.