ಧೈರ್ಯದ ವಿಶ್ವಾಸ ಸರಿ, ಆದ್ರೆ ಯಾರ ಮುಂದೆ ಧೈರ್ಯ?

ಸಂಪೂರ್ಣ ವಿಧೇಯತೆ. ಧೈರ್ಯದ ವಿಶ್ವಾಸ. ನಮ್ಮ ಕ್ರೈಸ್ತ ಸಭೆಗಳಲ್ಲಿ ಈ ಎರಡು ಮಾತು ಕೇಳದ ಭಾನುವಾರ ಸಿಗೋದು ಕಷ್ಟ. ಬೆಳಗಾದ್ರೆ ವಾಟ್ಸಾಪಿನಲ್ಲಿ ಇದೇ, ಯೂಟ್ಯೂಬಿನಲ್ಲಿ ಇದೇ, ಕಾರಿನ ಹಿಂದಿನ ಗಾಜಿನ ಮೇಲೂ ಇದೇ. ಕೇಳೀ ಕೇಳೀ ನನಗೆ ಈಗ ಎರಡೇ ಪ್ರಶ್ನೆ ಉಳಿದಿವೆ. ವಿಧೇಯತೆ ಯಾರಿಗೆ? ಧೈರ್ಯ ಯಾರ ಮುಂದೆ?

ಇದನ್ನ ಓದ್ತಿರೋ ಬ್ಲಾಗಿಗ ಗೆಳೆಯರಲ್ಲಿ ಮುಕ್ಕಾಲು ಮಂದಿ ಕ್ರೈಸ್ತರಲ್ಲ ಅಂತ ಗೊತ್ತು. "ನಮಗ್ಯಾಕಪ್ಪಾ ನಿಮ್ಮ ಚರ್ಚಿನ ಉಸಾಬರಿ" ಅಂತ ಎದ್ದು ಹೋಗಬೇಡಿ. ಸ್ವಲ್ಪ ತಾಳಿ, ವಿಷಯ ನಿಮ್ಮ ಮನೆ ಬಾಗಿಲಿಗೂ ಬರುತ್ತೆ :)

ಮೊದಲು, ಈಗ ಚಾಲ್ತಿಯಲ್ಲಿರೋ 'ವಿಧೇಯತೆ' ಹೇಗಿದೆ ನೋಡೋಣ. ಒಂದನೇ ಜಾತಿಯದ್ದು ಪಾಸ್ಟರಿಗೆ ವಿಧೇಯತೆ. ಅವರು ಹೇಳಿದ್ದನ್ನ ಪ್ರಶ್ನೆ ಮಾಡಬಾರದು, ಲೆಕ್ಕ ಕೇಳಬಾರದು, ಕೇಳಿದವನಿಗೆ ವಿಶ್ವಾಸ ಕಡಿಮೆ. ಎರಡನೇದು ವ್ಯಾಪಾರ. ನೀನು ಇಷ್ಟು ಕೊಡು, ದೇವರು ಅಷ್ಟು ಕೊಡ್ತಾನೆ. ನಮ್ಮ ಐಟಿ ಮಂದಿಗೆ ಇದು ಬಹಳ ಬೇಗ ಅರ್ಥ ಆಗುತ್ತೆ. ಪ್ರಾರ್ಥನೆ ಅಂದ್ರೆ ಟಿಕೆಟ್ ರೈಸ್ ಮಾಡೋದು, ದೇವರು ಅಂದ್ರೆ ಸಪೋರ್ಟ್ ಟೀಮು, ಎಸ್‌ಎಲ್‌ಎ ಒಳಗೆ ವೀಸಾ, ಪ್ರಮೋಶನ್, ಮೂರು ಬೆಡ್‌ರೂಮಿನ ಫ್ಲಾಟು ಬರಬೇಕು. ಬಂದ್ರೆ ವೇದಿಕೆ ಹತ್ತಿ ಸಾಕ್ಷಿ ಹೇಳೋದು. ಬರದೇ ಇದ್ರೆ? "ನಿನ್ನ ವಿಶ್ವಾಸ ಸಾಲದು ತಮ್ಮಾ" ಅಂತ ಟಿಕೆಟ್ ಕ್ಲೋಸ್!

ಇವೆರಡರಲ್ಲೂ ಒಂದು ತಮಾಷೆ ಗಮನಿಸಿ. ಕೇಳುವವನಿಗೆ ಇದರಿಂದ ಲಾಭ ಇದೆ. ವಿಧೇಯತೆಯ ಹೆಸರಲ್ಲಿ ಯಾರಾದರೂ ನಿಮ್ಮ ಹತ್ತಿರ ಏನಾದರೂ ಕೇಳಿದಾಗ ಹಾಕಿ ನೋಡೋಕೆ ನನ್ನ ಹತ್ತಿರ ಒಂದು ಓರೆಗಲ್ಲಿದೆ: ಕೊಟ್ಟಿದ್ದು ಕೇಳಿದವನ ಕಿಸೆಗೆ ಹೋಗುತ್ತಾ, ಇಲ್ವಾ?

ಈ ಓರೆಗಲ್ಲು ನನಗೆ ಸಿಕ್ಕಿದ್ದು ಬೈಬಲ್ ಕ್ಲಾಸಿನಲ್ಲಲ್ಲ. ನಮ್ಮೂರು ಇಳಕಲ್ಲಿನ ಬೀದಿಯಲ್ಲಿ. ಚಿತ್ತರಗಿ-ಇಳಕಲ್ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟವರು. ಸ್ವಾಮಿಗಳು ಜೋಳಿಗೆ ಹಿಡಿಯೋದರಲ್ಲಿ ಹೊಸದೇನಿದೆ ಅಂತೀರಾ? ಅವರು ಜೋಳ ಕೇಳಲಿಲ್ಲ, ರೊಕ್ಕ ಕೇಳಲಿಲ್ಲ. "ನಿಮ್ಮ ಕುಡಿತ ಹಾಕ್ರಿ, ಬೀಡಿ ಹಾಕ್ರಿ, ಗುಟ್ಕಾ ಹಾಕ್ರಿ" ಅಂತ ಊರೂರು, ಕೇರಿ ಕೇರಿ ತಿರುಗಿದರು. ಮಹಾಂತ ಜೋಳಿಗೆ ಅಂದ್ರೆ ಇದೇ. 2018ರ ಮೇ ತಿಂಗಳಲ್ಲಿ ಅವರು ಲಿಂಗೈಕ್ಯರಾದರು. ಆಮೇಲೆ ಸರ್ಕಾರ ಅವರ ಹುಟ್ಟಿದ ದಿನ ಆಗಸ್ಟ್ 1ನ್ನು ವ್ಯಸನಮುಕ್ತ ದಿನ ಅಂತ ಮಾಡಿತು. ಜೋಳಿಗೆಗೆ ಬಿದ್ದ ಬೀಡಿ ಕಟ್ಟಿನಿಂದ ಸ್ವಾಮಿಗಳಿಗೆ ಏನು ಲಾಭ? ಏನೂ ಇಲ್ಲ. ಕೊಟ್ಟವನಿಗೆ ಮಾತ್ರ ಮರುದಿನ ಬೆಳಗ್ಗೆಯಿಂದ ಕೈ ನಡುಕ, ಗೆಳೆಯರ ಚೇಷ್ಟೆ, ಸಂಜೆಯ ಚಡಪಡಿಕೆ. ಖರ್ಚೆಲ್ಲ ಅವನದೇ, ಆದಾಯ ಅವನ ಹೆಂಡತಿ ಮಕ್ಕಳದು.

ನಾನು ಕ್ರೈಸ್ತ. ಆ ಮಠ ನನ್ನದಲ್ಲ. ಆದ್ರೆ 'ಸಂಪೂರ್ಣ ವಿಧೇಯತೆ' ಅನ್ನೋ ಮಾತಿಗೆ ನನ್ನ ಕಣ್ಣೆದುರಿನ ಅರ್ಥ ಆ ಜೋಳಿಗೆಯೇ. ಯೇಸು ಕೇಳಿದ್ದೂ ಇದೇ ತರಹದ್ದು. ಒಬ್ಬ ಶ್ರೀಮಂತ ಹುಡುಗ ಬಂದು ನಿತ್ಯಜೀವಕ್ಕೆ ಏನು ಮಾಡಬೇಕು ಅಂತ ಕೇಳಿದಾಗ, ಇದ್ದದ್ದನ್ನ ಮಾರಿ ಬಡವರಿಗೆ ಕೊಟ್ಟು ಬಾ ಅಂದ. ಗಮನಿಸಿ, ಬಡವರಿಗೆ. ನನ್ನ ಸೇವೆಗೆ ಕೊಡು, ನನ್ನ ಟಿವಿ ಚಾನೆಲ್ಲಿಗೆ ಕೊಡು ಅನ್ನಲಿಲ್ಲ.

ಇನ್ನು ಧೈರ್ಯದ ಮಾತು. ಸಂತೆಯಲ್ಲಿ ಮೈಕ್ ಹಿಡಿದು ಕೂಗೋದೇ ಧೈರ್ಯ ಅಂತ ತಿಳಿದವರಿದ್ದಾರೆ. ಅದಕ್ಕೆ ಬೇಕಿರೋದು ಗಂಟಲು. ಧೈರ್ಯ ಹೇಗಿರುತ್ತೆ ಅಂತ ನೋಡಬೇಕಂದ್ರೆ ನಮ್ಮ ಕನ್ನಡ ನಾಡಿನ ಕಥೆಯನ್ನೇ ನೋಡಿ.

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ನಮ್ಮ ಪಕ್ಕದ ಗುಳೇದಗುಡ್ಡ. ಗುಳೇದಗುಡ್ಡ ಅಂದ್ರೆ ಖಣ, ಖಣ ಅಂದ್ರೆ ಗುಳೇದಗುಡ್ಡ. ನೇಕಾರರ ಊರು. ಅಂಥಾ ಊರಲ್ಲಿ ಒಬ್ಬ ನೇಕಾರ ಆಗ ಕ್ರೈಸ್ತನಾದ ಅಂದ್ರೆ ಏನೇನು ಹೋಗುತ್ತಿತ್ತು ಯೋಚಿಸಿ. ನೂಲು ಕೊಡುವವರು ಅದೇ ಸಮಾಜದವರು, ನೇಯ್ದದ್ದನ್ನ ಕೊಳ್ಳುವವರು ಅವರೇ, ಹೆಣ್ಣು ಕೊಡುವವರು ಅವರೇ, ಸತ್ತರೆ ಹೆಗಲು ಕೊಡುವವರೂ ಅವರೇ. ಹಿರಿಯರ ಆಸ್ತಿಯ ಹಕ್ಕನ್ನ ಧರ್ಮ ಬಿಟ್ಟವನಿಂದ ಕಿತ್ತುಕೊಳ್ಳಬಾರದು ಅಂತ ಇಡೀ ದೇಶಕ್ಕೆ ಕಾನೂನು ಬಂದದ್ದೇ 1850ರಲ್ಲಿ. ಕಾನೂನಿನ ಪುಸ್ತಕದಿಂದ ಮನೆಯ ಪಡಸಾಲೆಗೆ ಅದು ಬರೋದು ಎಷ್ಟು ದೂರ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಆ ಕಾನೂನಿಗೂ ಮುಂಚೆ, 1844ರಲ್ಲಿ, ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ತೆಗೆದುಕೊಂಡರು. ಊರಲ್ಲಿ ದೊಡ್ಡ ಗಲಾಟೆ. ಮನೆ, ಜಾತಿ, ಬಳಗ ಎಲ್ಲ ಕಡಿದುಹೋಯಿತು. ಬಾಸೆಲ್‌ಗೆ ಹೋಗಿ ಓದಿ 1851ರಲ್ಲಿ ದೀಕ್ಷೆ ಪಡೆದು ಹಿಂದೆ ಬಂದರು. ಆಮೇಲೆ ಅವರು, ಮೋಗ್ಲಿಂಗ್ ಸೇರಿ ಕೊಡಗಿನಲ್ಲಿ ಹೊಲೆಯ ಸಮುದಾಯದ ಕ್ರೈಸ್ತರಿಗಾಗಿ ಒಂದು ಊರನ್ನೇ ಕಟ್ಟಿದರು. ಆನಂದಪುರ ಅನ್ನೋ ಹೆಸರು ಬಂದದ್ದು ಇವರಿಂದಲೇ. ಯಾರ ನೆರಳು ಬಿದ್ದರೆ ಮೈಲಿಗೆ ಅಂತ ಹೇಳಿಕೊಟ್ಟ ಮನೆಯಲ್ಲಿ ಹುಟ್ಟಿದ್ದರೋ ಅವರ ಜೊತೆಗೇ ಬದುಕು ಕಟ್ಟಿದ್ದು. ಇದು ಧೈರ್ಯ.

ಹಾಗಂತ ಮಿಶನ್ನಿನದೆಲ್ಲಾ ಬಂಗಾರ ಅಂತ ನಾನು ಹೇಳ್ತಿಲ್ಲ. ಬಾಸೆಲ್‌ನಲ್ಲಿ ಕೂತ ಕಮಿಟಿ ತನ್ನ ಮಿಶನರಿಗಳಿಂದ ಕೇಳಿದ ವಿಧೇಯತೆ ಮಿಲಿಟರಿಗೇನೂ ಕಡಿಮೆ ಇರಲಿಲ್ಲ. ಯಾವಾಗ ಮದುವೆ ಆಗಬೇಕು, ಯಾರನ್ನ ಆಗಬೇಕು ಅನ್ನೋದಕ್ಕೂ ಕಮಿಟಿಯ ಒಪ್ಪಿಗೆ ಬೇಕು. ಕನ್ನಡಕ್ಕೆ 1894ರಲ್ಲಿ ಅಂಥಾ ನಿಘಂಟು ಕೊಟ್ಟ ಕಿಟೆಲ್ ಅವರಿಗೂ ಮಿಶನ್ನಿನೊಳಗೆ ತಿಕ್ಕಾಟ ತಪ್ಪಲಿಲ್ಲ. ಕಮಿಟಿಗೆ ಬಗ್ಗೋದೂ ದೇವರಿಗೆ ಬಗ್ಗೋದೂ ಒಂದೇ ಅಂತ ಮೇಲಿದ್ದವರಿಗೆ ಯಾವಾಗಲೂ ಅನ್ನಿಸುತ್ತೆ. ಆಗಲೂ ಅಷ್ಟೇ, ಈಗಲೂ ಅಷ್ಟೇ.

ಈ ಎರಡನ್ನೂ ಒಂದು ಮಾಡಿಕೊಂಡರೆ ಎಲ್ಲಿಗೆ ಹೋಗಿ ಮುಟ್ಟುತ್ತೆ? 1933ರ ಜರ್ಮನಿ ನೋಡಿ. ಯಹೂದಿ ಮೂಲದವರನ್ನ ಚರ್ಚಿನ ಕೆಲಸದಿಂದ ತೆಗೆಯಬೇಕು ಅನ್ನೋ ನಿಯಮವನ್ನ ದೊಡ್ಡ ಪ್ರೊಟೆಸ್ಟಂಟ್ ಸಭೆಯೊಂದು ಒಪ್ಪಿಕೊಂಡಿತು. ದೀಕ್ಷಾಸ್ನಾನ ಆಗಿದ್ರೂ, ತಲೆಮಾರಿನಿಂದ ಕ್ರೈಸ್ತರಾಗಿದ್ರೂ, ನೋಡೋದು ಮಾತ್ರ 'ಮೂಲ'! ಬಹಳಷ್ಟು ಜನ, ಅಧಿಕಾರದಲ್ಲಿರುವವರಿಗೆ ತಗ್ಗಿ ನಡೆಯಬೇಕು ಅಂತ ಬೈಬಲ್ಲೇ ತೋರಿಸಿ ಸುಮ್ಮನಾದರು. ಡೀಟ್ರಿಚ್ ಬೊನ್‌ಹೋಫರ್ ಅನ್ನೋ ಇಪ್ಪತ್ತೇಳು ವರ್ಷದ ಪಾಸ್ಟರು, ಅಂದ್ರೆ ನನ್ನ ವಾರಿಗೆಯವನು, ಅದನ್ನ ವಿರೋಧಿಸಿದ. ಬೆಲೆ ತೆರದೆ ಸಿಗೋ ಅಗ್ಗದ ಕೃಪೆಯೇ ಚರ್ಚಿನ ದೊಡ್ಡ ಶತ್ರು ಅಂತ 1937ರಲ್ಲಿ ಪುಸ್ತಕ ಬರೆದ. 1945ರ ಏಪ್ರಿಲ್ 9ರಂದು ಅವನನ್ನ ಗಲ್ಲಿಗೇರಿಸಿದರು. ಯಾರು ನಿಜವಾಗಿ ವಿಧೇಯ? ನಿಯಮ ಪಾಲಿಸಿದವರಾ, ಮುರಿದವನಾ?

ಈಗ ನಮ್ಮ ಮನೆಗೆ ಬರೋಣ. ಆ 'ಮೂಲ' ಅನ್ನೋ ಶಬ್ದ ಎಲ್ಲೋ ಕೇಳಿದ ಹಾಗಿದೆ ಅಲ್ವಾ?

ನನಗೆ ಈಗ ಹುಡುಗಿ ನೋಡ್ತಿದ್ದಾರೆ. ಬಯೋಡಾಟಾದಲ್ಲಿ ಓದು, ಸಂಬಳ, ಎತ್ತರ, ಯಾವ ಸಭೆ, ದೀಕ್ಷಾಸ್ನಾನ ಆಗಿದೆಯಾ, ಎಲ್ಲ ಇದೆ. ಕಳಿಸಿದ ಮರುದಿನ ಫೋನು ಬರುತ್ತೆ. ದೇವರ ಸ್ತೋತ್ರ ಎಲ್ಲ ಮುಗಿದ ಮೇಲೆ ದನಿ ಸಣ್ಣದು ಮಾಡಿ ಕೇಳ್ತಾರೆ: "ತಪ್ಪು ತಿಳೀಬ್ಯಾಡ್ರಿ... ನಿಮ್ಮದು ಮೂಲ ಯಾವುದರೀ?" ಮೂಲ ಅಂದ್ರೆ ಮುತ್ತಜ್ಜ ಕ್ರೈಸ್ತನಾಗೋ ಮುಂಚೆ ಯಾವ ಕೇರಿಯಲ್ಲಿದ್ದ ಅಂತ. ನಾಲ್ಕು ತಲೆಮಾರು ಒಂದೇ ಪಾತ್ರೆಯಲ್ಲಿ ಕರ್ತನ ಭೋಜನ ತಗೊಂಡವರು, ಬೀಗರ ಊಟದ ಎಲೆಗೆ ಬಂದಾಗ ಕೇರಿ ಕೇಳ್ತಾರೆ. ನನಗೆ ಗೊತ್ತಿರೋ ಒಂದು ಜೋಡಿ ಒಂದೇ ಗಾಯನ ಮಂಡಳಿಯವರು. ಒಂದೇ ಸಭೆ, ಒಂದೇ ಹಾಡಿನ ಪುಸ್ತಕ. ಮದುವೆ ಮಾತಿಗೆ ಬಂದಾಗ ಹಿರಿಯರು ಮೂಲ ತೆಗೆದು ಮುರಿದು ಹಾಕಿದರು. ಆ ಹಿರಿಯರಲ್ಲೊಬ್ಬರು ಮುಂದಿನ ಭಾನುವಾರವೇ ನಿಂತು ಅಬ್ರಹಾಮನ ವಿಧೇಯತೆಯ ಮೇಲೆ ಪ್ರಸಂಗ ಮಾಡಿದರು!! ಹೆಸರು ಬೇಡ. ಅಂಥವರು ಎಲ್ಲ ಊರಲ್ಲೂ ಇದ್ದಾರೆ.

ಈ ರೋಗ ಬೈಬಲ್ಲಿಗೆ ಹೊಸದಲ್ಲ. ಹಿರೀಸಭೆಯ ಮುಂದೆ ನಿಂತು, ಮನುಷ್ಯರ ಮಾತಿಗಿಂತ ದೇವರ ಮಾತೇ ನಮಗೆ ಮೊದಲು ಅಂತ ಎದೆಯುಬ್ಬಿಸಿ ಹೇಳಿದವನು ಪೇತ್ರ. ಜೈಲಿಗೆ ಹೆದರಲಿಲ್ಲ, ಏಟಿಗೆ ಹೆದರಲಿಲ್ಲ. ಅದೇ ಪೇತ್ರ ಅಂತಿಯೋಕ್ಯದಲ್ಲಿ ಯಹೂದ್ಯರಲ್ಲದವರ ಜೊತೆ ಕೂತು ಉಣ್ತಿದ್ದವನು, ಯೆರೂಸಲೇಮಿನಿಂದ ತನ್ನ ಕಡೆಯವರು ಬಂದ ಕೂಡಲೇ ಮೆಲ್ಲಗೆ ಪಂಕ್ತಿಯಿಂದ ಎದ್ದು ಹೋದ. ಪೌಲ ಎಲ್ಲರ ಮುಂದೆಯೇ ಮುಖಕ್ಕೆ ಹೊಡೆದ ಹಾಗೆ ಬೈದ. ಅಧಿಕಾರಿಗಳ ಮುಂದೆ ಇದ್ದ ಧೈರ್ಯ ಬೀಗರ ಮುಂದೆ ಇರಲಿಲ್ಲ. ಧೈರ್ಯದ ನಿಜವಾದ ಪರೀಕ್ಷೆ ವೈರಿಯ ಮುಂದಲ್ಲ, ದೊಡ್ಡಪ್ಪನ ಮುಂದೆ.

ಹನ್ನೆರಡನೇ ಶತಮಾನದ ಕಲ್ಯಾಣದಲ್ಲೂ ಇದೇ ತಾನೇ ಆದದ್ದು? ಬಸವಣ್ಣನವರ ಐಕ್ಯಸ್ಥಳ ಕೂಡಲಸಂಗಮ ನಮ್ಮ ಹುನಗುಂದದ ಸೀಮೆಯಲ್ಲೇ ಇದೆ. ಅನುಭವ ಮಂಟಪದಲ್ಲಿ ಮಾತಾಡುವವರೆಗೆ ಎಲ್ಲ ನಡೆಯಿತು. ಹರಳಯ್ಯನ ಮಗ, ಮಧುವರಸನ ಮಗಳು ಮದುವೆಯಾದ ದಿನ ಕಲ್ಯಾಣ ಹೊತ್ತಿ ಉರಿಯಿತು. ಅಂದ್ರೆ ಗೆಳೆಯರೇ, ನಂಬಿಕೆ ಯಾವುದೇ ಇರಲಿ, ಅದು ಮದುವೆ ಚಪ್ಪರದವರೆಗೆ ಬಂದು ನಿಂತುಬಿಡುತ್ತೆ. ನಾನು ಮೊದಲೇ ಹೇಳಲಿಲ್ವಾ, ನಿಮ್ಮ ಬಾಗಿಲಿಗೂ ಬರುತ್ತೆ ಅಂತ?

ನಮ್ಮವರಿಗೆ ಗೊತ್ತಿರಲಿಲ್ಲ ಅನ್ನೋಕೂ ಆಗಲ್ಲ. 1850ರಲ್ಲೇ ಮದ್ರಾಸಿನಲ್ಲಿ ಸೇರಿದ ಮಿಶನರಿಗಳ ಸಮ್ಮೇಳನ, ಬೇರೆಯವರ ಜೊತೆ ಕೂತು ಉಂಡು ಜಾತಿ ಬಿಟ್ಟಿದ್ದನ್ನ ತೋರಿಸದವನಿಗೆ ದೀಕ್ಷಾಸ್ನಾನ ಬೇಡ ಅಂತ ನಿರ್ಣಯ ಮಾಡಿತ್ತು. ನೂರ ಎಪ್ಪತ್ತೈದು ವರ್ಷ ದಾಟಿ, 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಯ ಪಟ್ಟಿಯಲ್ಲಿ ಹಿಂದೂ ಜಾತಿಗಳ ಹೆಸರಿಗೆ 'ಕ್ರಿಶ್ಚಿಯನ್' ಅಂಟಿಸಿದ ಸಾಲುಗಳು ಬಂದಾಗ ದೊಡ್ಡ ರಾದ್ಧಾಂತ ಆಯಿತು. ರಾಜಕಾರಣಿಗಳು ತಮ್ಮ ಕಾರಣಕ್ಕೆ ಕೂಗಾಡಿದರು, ಬಿಡಿ. ನನ್ನ ಪ್ರಶ್ನೆ ನಮಗೆ: "ಈ ಪಟ್ಟಿ ಸುಳ್ಳು, ನಮ್ಮಲ್ಲಿ ಜಾತಿ ಇಲ್ಲ" ಅಂತ ಎದ್ದು ಹೇಳೋ ಹಕ್ಕು ನಮಗಿತ್ತಾ?

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಸೌಲಭ್ಯ ಇಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಸಿಕ್ಕಿತು, ಕ್ರೈಸ್ತರಿಗೆ, ಮುಸ್ಲಿಮರಿಗೆ ಇಲ್ಲ. ತನಗಾದ ಗಾಯ ತೋರಿಸಿ ನ್ಯಾಯ ಕೇಳೋದಕ್ಕೆ ಒಬ್ಬ ತನ್ನ ಮೂಲ ಬರೆಸಿದರೆ ಅದು ತಪ್ಪಲ್ಲ, ಅವನ ಹಕ್ಕು. ಅದೇ ಮೂಲವನ್ನ ಇನ್ನೊಬ್ಬ ಮೀಸೆ ತಿರುವೋಕೆ, ಹೆಣ್ಣು ಕೊಡದೇ ಇರೋಕೆ ಇಟ್ಟುಕೊಂಡರೆ ಅದು ಪಾಪ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

"ಹೊರಗಿಂದಲೇ ನಮಗೆ ಸಾಕಷ್ಟು ಒತ್ತಡ ಇದೆ. 2022ರಲ್ಲಿ ಮತಾಂತರ ಕಾಯ್ದೆ ತಂದರು. ಇಂಥಾ ಹೊತ್ತಲ್ಲಿ ಮನೆ ಮಾತು ಬೀದಿಗೆ ಯಾಕೆ ತರ್ತೀಯೋ" ಅಂತ ನಮ್ಮ ಮಾವ ಬೈದರು. ಒತ್ತಡ ಇರೋದು ನಿಜ. ಆದ್ರೆ ಮಾವಾ, ಆ ಕಾಯ್ದೆಯ ವಿರುದ್ಧ ನಾವು ಹೇಳಿದ ಮುಖ್ಯ ಮಾತೇನು? ಮನುಷ್ಯ ತನ್ನ ಮನಸ್ಸಾಕ್ಷಿಯಂತೆ ನಂಬೋಕೆ ಯಾರ ಅಪ್ಪಣೆಯೂ ಬೇಡ ಅಂತ. ಜಿಲ್ಲಾಧಿಕಾರಿಯ ಅಪ್ಪಣೆ ಬೇಡ ಅಂದವರು, ಅದೇ ನಂಬಿಕೆಯವರನ್ನ ಮದುವೆ ಆಗೋಕೆ ಮುತ್ತಜ್ಜನ ಕೇರಿಯ ಅಪ್ಪಣೆ ಕೇಳೋದು ಯಾವ ನ್ಯಾಯ?

ನಮ್ಮ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸ್ತಾರೆ. ಕೊಂಡಿ ಇಲ್ಲ ಅಂದ್ರೆ ಒಡಲು ಎಷ್ಟು ಚೆಂದ ಇದ್ದರೂ, ಸೆರಗು ಎಷ್ಟು ಮಿಂಚಿದರೂ ಅದು ಸೀರೆ ಆಗಲ್ಲ. ವಿಶ್ವಾಸ, ವಿಧೇಯತೆ ಎರಡೂ ಹಾಗೇ. ನಮ್ಮ ಸಭೆಗಳಲ್ಲಿ ಸೆರಗು ಭಾರೀ ಮಿಂಚ್ತಾ ಇದೆ. ಕೊಂಡಿ ಹಾಕುವವರು ಬೇಕಾಗಿದ್ದಾರೆ.

ಅದಕ್ಕೆ ನಾನು ಮಾಡಿದ್ದಿಷ್ಟು. ಬಯೋಡಾಟಾದ ಕೊನೆಗೆ ಒಂದು ಸಾಲು ಸೇರಿಸಿದ್ದೇನೆ: 'ಮೂಲ ಕೇಳುವವರು ದಯವಿಟ್ಟು ಫೋನ್ ಮಾಡಬೇಡಿ.' ಮಾವ ಎರಡು ವಾರದಿಂದ ಮಾತಾಡಿಲ್ಲ, ಫೋನುಗಳೂ ಅರ್ಧಕ್ಕರ್ಧ ನಿಂತಿವೆ. ನಿಲ್ಲಲಿ. ಸಭೆಯ ಯುವಕರಿಗೆ, ಲಗ್ನದ ವಯಸ್ಸಿನ ಹುಡುಗ ಹುಡುಗಿಯರಿಗೆ ನನ್ನದೊಂದು ಜೋಳಿಗೆ ಇದೆ. ರೊಕ್ಕ ಬೇಡ, ಸಾಕ್ಷಿ ಬೇಡ. ಆ ಒಂದು ಪ್ರಶ್ನೆ ತಂದು ಇದರಲ್ಲಿ ಹಾಕಿ. ಅಪ್ಪ ಅಮ್ಮ ಕೇಳಿದರೂ ನೀವು ಉತ್ತರ ಕೊಡಬೇಡಿ, ನೀವಂತೂ ಕೇಳಲೇಬೇಡಿ.

ಒಪ್ಪದವರು ಧಾರಾಳವಾಗಿ ಜಗಳಕ್ಕೆ ಬನ್ನಿ. ಆದ್ರೆ ಅನಾಮಧೇಯರಾಗಿ ಬರಬೇಡಿ ಮಾರಾಯ್ರೇ, ಧೈರ್ಯದ ಬಗ್ಗೆ ಮಾತಾಡ್ತಿದ್ದೀವಿ :)