ಒಂದೇ ಬೆಂಕಿ, ಎರಡು ಕೆಲಸ

ಕೊಚ್ಚಿಯ ಪುದುವೈಪ್‌ನಲ್ಲಿ ಎಲ್‌ಎನ್‌ಜಿ ಟರ್ಮಿನಲ್ ಶುರುವಾದದ್ದು 2013ರಲ್ಲಿ. ಅಲ್ಲಿಂದ ಕಾಸರಗೋಡು ಹಾದು ಮಂಗಳೂರು ಮುಟ್ಟುವ ಕೊಳವೆಮಾರ್ಗ ಉದ್ಘಾಟನೆಯಾದದ್ದು 2021ರಲ್ಲಿ. ಹಡಗಿನಲ್ಲಿ ತರಿಸಿದ ಅನಿಲವನ್ನು ಬರೀ ಹಬೆಗಾಗಿ ಬಾಯ್ಲರಿನಲ್ಲಿ ಸುಟ್ಟು, ಕರೆಂಟನ್ನು ಬೇರೆಯಾಗಿ ಕೊಳ್ಳುವುದು ಶುದ್ಧ ದುಂದು. ಆ ಕರೆಂಟು ಹುಟ್ಟುವ ಕಲ್ಲಿದ್ದಲು ಸ್ಥಾವರದಲ್ಲಿ ಶಾಖದ ಮೂರರಲ್ಲಿ ಸುಮಾರು ಎರಡು ಪಾಲು ಪೋಲು. ಅನಿಲ ಮೊದಲು ಟರ್ಬೈನ್ ತಿರುಗಿಸಿ, ಅದರ ಬಿಸಿಹೊಗೆ ಹಬೆ ಎಬ್ಬಿಸಿದರೆ ಶೇ 70–80 ಪಾಲು ಬಳಕೆಗೆ ಬರುತ್ತದೆ.

‘ಅನಿಲ ದುಬಾರಿ, ಗಿಟ್ಟದು’ ಎಂಬುದು ಸಿದ್ಧ ಉತ್ತರ. ದುಬಾರಿಯಾದದ್ದನ್ನೇ ಅಲ್ಲವೇ ಎರಡು ಸಲ ದುಡಿಸಬೇಕಾದ್ದು? ಕರ್ನಾಟಕದ ಎಷ್ಟೋ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆಯಿಂದಲೇ ಹಬೆ, ಕರೆಂಟು ಎರಡನ್ನೂ ತೆಗೆದು, ಮಿಕ್ಕದ್ದನ್ನು ಗ್ರಿಡ್‌ಗೆ ಮಾರುತ್ತವೆ. ಕೊಚ್ಚಿಯ ಕಾರ್ಖಾನೆ, ದೊಡ್ಡ ಆಸ್ಪತ್ರೆಗಳೂ ಆ ದಾರಿ ಹಿಡಿಯಬೇಕಾದರೆ ಮಿಕ್ಕ ಕರೆಂಟಿಗೆ ನ್ಯಾಯವಾದ ದರ ಸಿಗಬೇಕು. ದರ ಕಟ್ಟುವ ಆಯೋಗ ಇರುವುದು ತಿರುವನಂತಪುರದಲ್ಲಿ. ಮೊದಲ ಹೆಜ್ಜೆ ಅಲ್ಲಿಂದಲೇ ಬರಬೇಕು.